ಮುಚ್ಚಳದ ಮೇಲಿನ ಮನೆ

ಜನವರಿ 12

ಮಗಳೇ,

ನಿನ್ನ ಅಮ್ಮನ ಮಂಡಿನೋವು ಹೇಗಿದೆ? ನಮ್ಮ ಮೊಮ್ಮಗಳು ಗುಬ್ಬಚ್ಚಿಯ ಕೆಮ್ಮು ನಿಂತಿತೇ? ನಿನ್ನ ಗಂಡ, ನಮ್ಮ ಮೌನಿ, ಊರು ಬದಲಾದ ಮೇಲಾದರೂ ನಾಲ್ಕು ಮಾತು ಆಡುತ್ತಿದ್ದಾನೋ, ಅಲ್ಲಿಯೂ ತಲೆಯಾಡಿಸಿಕೊಂಡೇ ಸಂಸಾರ ನಡೆಸುತ್ತಿದ್ದಾನೋ? ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ದೊಡ್ಡಮ್ಮ ಹೊಸ ಕನ್ನಡಕ ಹಾಕಿಸಿಕೊಂಡಿದ್ದಾಳೆ. ಈ ಮನೆಯ ಧೂಳೆಲ್ಲ ನನ್ನ ಚಪ್ಪಲಿಯಿಂದಲೇ ಬಂದದ್ದು ಎಂಬುದು ಅವಳಿಗೆ ಈಗ ಸ್ಪಷ್ಟವಾಗಿ ಕಾಣುತ್ತಿದೆಯಂತೆ. ನಾನು ಬೆಳಗ್ಗೆ ವರ್ಕ್‌ಶಾಪಿಗೆ ಹೋಗಿ ಮೊಂಡಾದ ಡ್ರಿಲ್ ಬಿಟ್‌ಗಳಿಗೆ ಸಾಣೆ ಹಿಡಿದು ಮಧ್ಯಾಹ್ನಕ್ಕೆ ಬರುತ್ತೇನೆ. ಅಷ್ಟೇ ನನ್ನ ದಿನ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಅಮ್ಮನಿಗೂ ಕೇಳಲಿ ಎಂದು ನೀನು ಸ್ಪೀಕರ್ ಹಾಕುತ್ತೀ. ಈ ಮಾತು ಅವಳ ಕಿವಿಗೆ ಬೀಳುವುದು ಬೇಡ.

ನಿನ್ನ ಕಾಗದದ ಕೊನೆಯಲ್ಲಿ, ಉಪ್ಪು ಕಡಿಮೆಯಾಯಿತು ಎನ್ನುವಷ್ಟು ಸಲೀಸಾಗಿ ಬರೆದಿದ್ದೀ: ‘ಹೊಸ ಬಡಾವಣೆಯ ಮೊದಲ ಮನೆಯ ಮಣ್ಣು ಪರೀಕ್ಷೆಗೆಂದು ನನ್ನ ಮೇಜಿಗೆ ಬಂದಿದೆ. ಮನೆ ಕಟ್ಟಿಸುತ್ತಿರುವವರು ಇಸ್ತ್ರಿ.’ ಓದಿ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಮತ್ತೆ ತೆಗೆದು ಓದಿದೆ. ನನ್ನ ಕಣ್ಣು ತಪ್ಪು ಓದಿಲ್ಲ ತಾನೆ?

ನಿನಗೆ ಆಗ ಹತ್ತು ವರ್ಷ. ಮನೆಯಲ್ಲಿ ಪಿಸುಮಾತಿನಲ್ಲಿ ಕೇಳಿದ್ದಷ್ಟೇ ನಿನಗೆ ಗೊತ್ತಿರಬಹುದು. ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಅವನು ಆಗ ನಮ್ಮ ಕಂಪನಿಯ ದೊಡ್ಡ ಎಂಜಿನಿಯರು. ಆ ಬೆಂಕಿಯಂಥ ಬಿಸಿಲಿನಲ್ಲೂ ಅಂಗಿಯ ಗೆರೆ ಮುರಿಯುತ್ತಿರಲಿಲ್ಲ, ಅದಕ್ಕೇ ನಾವು ಇಸ್ತ್ರಿ ಎನ್ನುತ್ತಿದ್ದೆವು. ಉಪ್ಪು ಮರಳುಗಾಡಿನ ಮಧ್ಯೆ ನೀರಿನ ಟ್ಯಾಂಕ್ ಎಬ್ಬಿಸಬೇಕಿತ್ತು. ನಾನು ರಿಗ್ಗಿನ ಎಂಜಿನ್ ನೋಡಿಕೊಳ್ಳುತ್ತಿದ್ದೆ, ನಿನ್ನ ಅಪ್ಪ ರಾಡ್ ಹಿಡಿದು ನೆಲ ಕೊರೆಯುವ ಡ್ರಿಲ್ಲರ್. ಮೇಲಿನ ಪದರಕ್ಕೆ ರಾಡ್ ತಾಗಿದರೆ ಠಣ್ ಎಂದು ಮೇಲಕ್ಕೇ ಚಿಮ್ಮುತ್ತಿತ್ತು. ಅದನ್ನು ಒಡೆದು ಕೆಳಗೆ ಬಿಟ್ಟರೆ, ಯಾರೂ ಒತ್ತದೆಯೇ, ತನ್ನ ಭಾರಕ್ಕೇ ಸರ್ರನೆ ಇಳಿಯುತ್ತಿತ್ತು. ನಿನ್ನ ಅಪ್ಪ ಹೋಗಿ ಇಸ್ತ್ರಿಗೆ ಹೇಳಿದ, “ಸಾರ್, ಮೇಲಿರೋದು ನೆಲ ಅಲ್ಲ, ಮುಚ್ಚಳ. ಸಿಹಿನೀರು ಸೋಕಿದ್ರೆ ಕರಗತ್ತೆ.”

ಇಸ್ತ್ರಿಗೆ ಅದು ಗೊತ್ತಿರಲಿಲ್ಲವೆಂದು ತಿಳಿಯಬೇಡ. ನಮ್ಮೆಲ್ಲರಿಗಿಂತ ಮೊದಲೇ ಗೊತ್ತಿತ್ತು. ಆದರೆ ಟ್ಯಾಂಕ್ ತುಂಬಿಸುವ ದಿನವನ್ನು ಅವನು ಆಗಲೇ ಮೇಲಿನವರಿಗೆ ಹೇಳಿಬಿಟ್ಟಿದ್ದ. ನಕ್ಕುಬಿಟ್ಟು, “ರಾಡ್ ತಿರುಗಿಸೋನು ರಾಡ್ ತಿರುಗಿಸು” ಎಂದ.

ತುಂಬಿಸಿದರು. ವಾಲ್ವ್ ಒಂದು ಕಣ್ಣೀರಿನ ಹಾಗೆ ತೊಟ್ಟಿಕ್ಕುತ್ತಿತ್ತು, ಯಾರೂ ಗಮನಿಸಲಿಲ್ಲ. ವಾರದೊಳಗೆ ಟ್ಯಾಂಕ್ ಒಂದು ಕಡೆಗೆ ವಾಲಿ ಸೀಳಿತು, ಕಾವಲುಗಾರನ ಕಾಲು ಹೋಯಿತು. ವಿಚಾರಣೆಯಲ್ಲಿ ಇಸ್ತ್ರಿ ನಿಂತು ಹೇಳಿದ: ಡ್ರಿಲ್ಲರ್ ಸೋಮಾರಿ, ಬಿಸಿಲಿಗೆ ಹೆದರಿ ಬೇರೆಲ್ಲೋ ಕೊರೆದು ಬೇರೆ ಮಣ್ಣು ತಂದುಕೊಟ್ಟ. ನಾನು ಎದ್ದು ಸುಳ್ಳು ಎಂದೆ. ಅಣ್ಣನಲ್ಲವೇ, ಹಾಗೇ ಹೇಳುತ್ತಾನೆ ಎಂದು ಕೂರಿಸಿದರು.

ಆಮೇಲೆ ನಿನ್ನ ಅಪ್ಪನ ಕೈಗೆ ಯಾರೂ ರಾಡ್ ಕೊಡಲಿಲ್ಲ. ಊಟಕ್ಕೆ ಕೂತಾಗಲೂ ಅವನ ಎರಡು ಮುಷ್ಟಿಗಳು ಒಂದರ ಮೇಲೊಂದು, ರಾಡ್ ಹಿಡಿದಂತೆಯೇ ಇರುತ್ತಿದ್ದವು. ನಿನಗೆ ನೆನಪಿರಬೇಕು. ಹಾಗೇ ಕುರ್ಚಿಯಲ್ಲಿ ಕೂತವನು ಹಾಗೇ ಹೋದ.

ಈಗ ಹೇಳು. ಆ ಮಣ್ಣು ಎಂಥದು? ಯಾವ ನೀರು ಹಾಕಿ ನೋಡಿದೆ?

ನಿನ್ನ ದೊಡ್ಡಪ್ಪ


ಜನವರಿ 27

ಪ್ರೀತಿಯ ದೊಡ್ಡಪ್ಪನಿಗೆ,

ಎಲ್ಲರೂ ಆರೋಗ್ಯ. ಅಮ್ಮ ಮಂಡಿನೋವಿಗೂ ಮೇಲಿನ ಮನೆಯವರಿಗೂ ಸಮಸಮವಾಗಿ ಬೈಯುತ್ತಾಳೆ. ಗುಬ್ಬಚ್ಚಿಯ ಕೆಮ್ಮು ಹೋಯಿತು, ಶೀತ ಬಂತು. ಇವರು ಮೊನ್ನೆ ತಾವಾಗಿಯೇ “ಮಳೆ ಬರಲ್ಲ ಅನ್ಸತ್ತೆ” ಎಂದರು. ನಾವೆಲ್ಲ ಊಟ ನಿಲ್ಲಿಸಿ ನೋಡಿದೆವು.

ನನ್ನ ಲ್ಯಾಬ್ ಒಂದು ಉದ್ದನೆಯ ಕೋಣೆ. ಕಿಟಕಿಯ ಕಬ್ಬಿಣದ ಸರಳುಗಳನ್ನು ಉಪ್ಪುಗಾಳಿ ತಿಂದು ಹಪ್ಪಳ ಮಾಡಿದೆ, ಮುಟ್ಟಿದರೆ ಉದುರುತ್ತವೆ. ಮೂಲೆಯಲ್ಲಿ ಓವನ್. ಈ ಮಣ್ಣನ್ನು ಜೋರು ಉರಿಯಲ್ಲಿ ಒಣಗಿಸುವ ಹಾಗಿಲ್ಲ, ಹರಳುಗಳ ಒಳಗಿನ ನೀರೂ ಹೋಗಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಸಣ್ಣ ಕಾವಿನಲ್ಲಿ, ಹಸುಗೂಸಿಗೆ ಕಾವು ಕೊಟ್ಟ ಹಾಗೆ ಒಣಗಿಸುತ್ತೇವೆ. ಓವನ್ ಪಕ್ಕ ಎರಡು ಕ್ಯಾನ್. ಒಂದರಲ್ಲಿ ಮಣ್ಣು ತೆಗೆದ ಗುಂಡಿಯಿಂದಲೇ ತಂದ ಉಪ್ಪುನೀರು, ಇನ್ನೊಂದರಲ್ಲಿ ಕುಡಿಯುವ ನೀರು.

ಅವರ ನಿವೇಶನದ ಮಣ್ಣನ್ನು ಉಕ್ಕಿನ ಉಂಗುರದಲ್ಲಿ ಕೂರಿಸಿ, ಮೇಲೆ ಭಾರ ಹೇರಿ, ಉಪ್ಪುನೀರು ಬಿಟ್ಟೆ. ಕುಸಿತ ಅಳೆಯುವ ಮುಳ್ಳು ಅಲ್ಲಾಡಲಿಲ್ಲ. ಕಾರಣ ಗೊತ್ತೇ ಇದೆಯಲ್ಲ, ಆ ನೀರಿನಲ್ಲಿ ಹಿಡಿಸುವಷ್ಟು ಉಪ್ಪು ಆಗಲೇ ಇದೆ, ಇನ್ನಷ್ಟನ್ನು ಕರಗಿಸಿಕೊಳ್ಳಲಾರದು. ಇಲ್ಲಿನ ಪದ್ಧತಿ ಇಷ್ಟೇ: ಜಾಗದ ಮಣ್ಣಿಗೆ ಜಾಗದ ನೀರು. ಈ ಲೆಕ್ಕದಲ್ಲಿ ಅವರ ನೆಲ ಪಾಸು.

ಆಮೇಲೆ, ಯಾರೂ ಕೇಳದಿದ್ದರೂ, ಇನ್ನೊಂದು ಉಂಗುರಕ್ಕೆ ಕುಡಿಯುವ ನೀರು ಬಿಟ್ಟೆ. ಮುಳ್ಳು ಒಂದು ಕ್ಷಣ ತಡೆದು ಆಮೇಲೆ ಸರಸರನೆ ಇಳಿಯಿತು. ಕಣಗಳನ್ನು ಒಂದಕ್ಕೊಂದು ಅಂಟಿಸಿದ್ದ ಉಪ್ಪು ಕರಗಿ, ಮಣ್ಣು ತನ್ನೊಳಗೇ ಕುಸಿಯಿತು.

ನಿನ್ನೆ ಅವರೇ ಬಂದಿದ್ದರು. ಕೂದಲು ಬೆಳ್ಳಗಾಗಿದೆ, ಅಂಗಿಯ ಗೆರೆ ಮಾತ್ರ ಹಾಗೇ ಇದೆ. ನಾನು ಯಾರೆಂದು ಗುರುತು ಸಿಗಲಿಲ್ಲ. “ಏನಮ್ಮಾ, ನಮ್ಮ ನೆಲ ಏನನ್ನತ್ತೆ?” ಎಂದು ಕೇಳಿ ಉತ್ತರಕ್ಕೆ ಕಾಯದೆ, ಮನೆಯ ಮುಂದೆ ಹುಲ್ಲುಹಾಸು, ಸುತ್ತ ಹೂಗಿಡ, ನಡುವೆ ಕಾರಂಜಿ ಎಂದು ಕೈಯಾಡಿಸುತ್ತ ಹೇಳಿದರು. ಬಡಾವಣೆಗೆ ಇದೇ ಮಾದರಿ ಮನೆಯಂತೆ. ಇದನ್ನು ನೋಡಿಯೇ ಜನ ನಿವೇಶನ ಕೊಳ್ಳಬೇಕಂತೆ. ಇರುವವರು ಅವರು ಮತ್ತು ಅವರ ಹೆಂಡತಿ, ಇಬ್ಬರೇ.

ಮನೆಯ ಭಾರ ತಡೆಯುತ್ತದೋ ಇಲ್ಲವೋ, ಇಷ್ಟನ್ನೇ ವರದಿಯಲ್ಲಿ ಕೇಳಿದ್ದಾರೆ. ತೋಟದ ಮಾತು ಯಾರೂ ಕೇಳಿಲ್ಲ. ಏನು ಮಾಡಲಿ?

ನಿಮ್ಮ ಮಗಳು


ಫೆಬ್ರವರಿ 6

ಮಗಳೇ,

ನಿನ್ನ ಅಮ್ಮ, ಗುಬ್ಬಚ್ಚಿ, ಮೌನಿ ಎಲ್ಲರೂ ಕ್ಷೇಮವೆಂದು ತಿಳಿದು ಸಂತೋಷ. ಮೌನಿ ಮಳೆಯ ವಿಷಯ ಎತ್ತಿದ್ದನ್ನು ನಿನ್ನ ದೊಡ್ಡಮ್ಮ ಪಕ್ಕದ ಮನೆಯವರಿಗೂ ಹೇಳಿ ಬಂದಳು.

ಏನು ಮಾಡಲಿ ಎಂದು ಕೇಳಿದ್ದೀ. ಏನೂ ಮಾಡಬೇಡ. ಸುಳ್ಳು ಹೇಳು ಅನ್ನುತ್ತಿಲ್ಲ. ನಮ್ಮ ಮನೆಯ ಕೂಸಿಗೆ ಅಂಥದ್ದನ್ನು ಹೇಳಿಕೊಡುವವನಲ್ಲ ನಾನು. ಕೇಳಿದ್ದಕ್ಕೆ ಉತ್ತರ ಕೊಡು. ನೆಲ ಭಾರ ತಡೆಯುತ್ತದೆಯೇ? ತಡೆಯುತ್ತದೆ. ಬರೆ. ಪದ್ಧತಿ ಏನಿದೆಯೋ ಹಾಗೆ ಬರೆ. ಎರಡನೆಯ ಉಂಗುರವನ್ನು ತೊಳೆದಿಡು.

ಹುಲ್ಲು ಅವನೇ ಹಾಕಲಿ, ನೀರು ಅವನೇ ಬಿಡಲಿ. ದಿನಾ ಬೆಳಗ್ಗೆ ಎದ್ದು ಪೈಪ್ ಹಿಡಿದುಕೊಂಡು ತನ್ನ ಕಾಲ ಕೆಳಗಿನ ನೆಲವನ್ನು ತಾನೇ ಕರಗಿಸಲಿ. ಟ್ಯಾಂಕ್ ಬಿದ್ದದ್ದು ಡ್ರಿಲ್ಲರ್‌ನಿಂದ ಅಂದನಲ್ಲ. ಈ ಸಲ ಬೆರಳು ತೋರಿಸಲು ಯಾವ ಡ್ರಿಲ್ಲರ್ ಸಿಗುತ್ತಾನೆ, ನೋಡೋಣ.

ಗೋಡೆ ಮೊದಲು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆಮೇಲೆ ಬಾಗಿಲು ಹಿಡಿಯುತ್ತದೆ. ಇಂಥ ನೆಲ ಯಾರನ್ನೂ ಒಮ್ಮೆಗೇ ನುಂಗುವುದಿಲ್ಲ, ಹೊರಗೆ ನಡೆಯಲು ಸಮಯ ಕೊಡುತ್ತದೆ. ಆದ್ದರಿಂದ ಅವನ ಹೆಂಡತಿಯ ಬಗ್ಗೆ ಚಿಂತಿಸಬೇಡ.

ಅಂಗಳ ಎಷ್ಟು ಅಗಲ ಎಂದು ಬರೆಯಲಿಲ್ಲ. ಸುಮ್ಮನೆ ಕೇಳಿದೆ. ಇನ್ನು ಅವನನ್ನು ‘ಅವರು’ ಎಂದು ಬರೆಯಬೇಡ, ಓದುವಾಗ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ.

ದೊಡ್ಡಪ್ಪ


ಮಾರ್ಚ್ 19

ದೊಡ್ಡಪ್ಪನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ವರದಿ ಕಳಿಸಿದ್ದಾಯಿತು. ಮನೆ ಭಾರ ತಡೆಯುತ್ತದೆ ಎಂದು ಬರೆದಿದ್ದೇನೆ. ಗೋಡೆಗಳು ಎದ್ದಿವೆ, ಬಣ್ಣ ಒಂದು ಬಾಕಿ, ಅವರಿಬ್ಬರೂ ಆಗಲೇ ಬಂದು ಸೇರಿಕೊಂಡಿದ್ದಾರೆ.

ಮೊನ್ನೆ ಅವರ ಮನೆಯ ಮುಂದೆ ಒಂದು ಲಾರಿ ಹುಲ್ಲು ಬಂದಿಳಿಯಿತು. ಚಾಪೆಯ ಹಾಗೆ ಸುರುಳಿ ಸುತ್ತಿದ ಹುಲ್ಲು, ಒಂದಿಷ್ಟೂ ಬಾಡಿರಲಿಲ್ಲ. ಕಳಿಸಿದವರ ಹೆಸರಿಲ್ಲ, ‘ನಿಮ್ಮ ಹಳೆಯ ಅಭಿಮಾನಿಯಿಂದ’ ಎಂಬ ಚೀಟಿ ಮಾತ್ರ. ಯಾರೋ ಹಳೆಯ ಕಂಟ್ರಾಕ್ಟರ್ ಇರಬೇಕೆಂದು ಅವರು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಹುಲ್ಲುಗಳಲ್ಲೆಲ್ಲ ಅತಿ ಹೆಚ್ಚು ನೀರು ಕುಡಿಯುವ ಜಾತಿ ಅದು. ಅಷ್ಟು ವಿಚಾರಿಸಿ ಕಳಿಸುವ ಅಭಿಮಾನಿ ಯಾರಿರಬಹುದು, ದೊಡ್ಡಪ್ಪ?

ಇನ್ನೊಂದು ವಿಷಯ. ನಿನ್ನೆ ಅವರ ಮನೆಗೆ ಹೋಗಿ, ಈ ನೆಲಕ್ಕೆ ಸಿಹಿನೀರು ಹಾಕಬೇಡಿ, ಹಾಕಿದರೆ ಮನೆ ಕುಸಿದು ಕೂರುತ್ತದೆ ಎಂದು ಹೇಳಿ ಬಂದೆ.

ಬೈಯಬೇಡಿ. ಆಮೇಲೆ ವಿವರವಾಗಿ ಬರೆಯುತ್ತೇನೆ.

ನಿಮ್ಮ ಮಗಳು


ಮಾರ್ಚ್ 28

ಹೇಳಿ ಬಂದೆಯಾ.

ಹೋಗಿ, ಬಾಗಿಲು ತಟ್ಟಿ, ಎದುರಿಗೆ ಕೂತು ಹೇಳಿ ಬಂದೆ. ಅವನ ಹೆಂಡತಿ ಕುಡಿಯಲು ಏನಾದರೂ ಕೊಟ್ಟಳೇ? ಬಾಗಿಲವರೆಗೂ ಬಂದು ಬೀಳ್ಕೊಟ್ಟರೇ?

ನಿನ್ನ ಅಪ್ಪನೂ ಅವನಿಗೆ ಹೇಳಿದ್ದ. ಹೇಳಿದ್ದಕ್ಕೆ ಏನು ಸಿಕ್ಕಿತೆಂದು ನಿನಗೆ ಗೊತ್ತು. ಹೌದು, ಹುಲ್ಲು ಕಳಿಸಿದ್ದು ನಾನೇ. ಬೇಸಿಗೆಯ ದಾರಿಯಲ್ಲಿ ಅದು ಬಾಡದೆ ತಲುಪಲೆಂದು ನರ್ಸರಿಯವನ ಬೆನ್ನು ಹತ್ತಿ ಒದ್ದೆ ಗೋಣಿ ಸುತ್ತಿಸಿದೆ. ಅಷ್ಟು ಮಾಡಿದ್ದಕ್ಕೆ ನೀನು ಅವನ ಪರವಾಗಿ ನಿಂತೆ.

ಅವನನ್ನು ಉಳಿಸಿದ್ದೀ. ಚೆನ್ನಾಗಿರು.


ಜೂನ್ 2

ಮಗಳೇ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ ಗುಬ್ಬಚ್ಚಿ ಎತ್ತಿ “ಅಮ್ಮ ಸೈಟಿಗೆ ಹೋಗಿದಾಳೆ” ಅನ್ನುತ್ತಾಳೆ. ಹಿಂದೆ ನಿನ್ನ ಪಾತ್ರೆ ಸದ್ದು ನನಗೆ ಕೇಳುತ್ತದೆ. ಪಾತ್ರೆ ಇಡುವ ರೀತಿಯಲ್ಲೇ ಅದು ನೀನು ಎಂದು ಗೊತ್ತಾಗುತ್ತದೆ.

ನಿನಗೆ ಏನು ಬರೆದೆನೆಂದು ದೊಡ್ಡಮ್ಮನಿಗೆ ಬಾಯಲ್ಲೇ ಒಪ್ಪಿಸಬೇಕಾಯಿತು. ಕೇಳಿ ಕನ್ನಡಕ ತೆಗೆದಿಟ್ಟಳು. “ಅವಳು ಹೇಳಿದಳು ಅಂತ ಬರೆದಳು. ಅವನು ಕೇಳಿದ ಅಂತ ಬರೆದಳಾ?” ಎಂದಳು. ನಿನ್ನ ಕಾಗದವನ್ನು ಮತ್ತೆ ತೆಗೆದು ನೋಡಿದೆ, ಹಾಗೆ ಬರೆದಿರಲಿಲ್ಲ. ಅಂದಿನಿಂದ ಅವಳು ಸಾರಿಗೆ ಉಪ್ಪು ಹಾಕುವಾಗಲೆಲ್ಲ ನನ್ನ ಕಡೆ ನೋಡುತ್ತಾಳೆ.

ಮಂಡಿ ಹೇಗಿದೆ, ಶೀತ ಹೇಗಿದೆ, ಮೌನಿ ಹೇಗಿದ್ದಾನೆ ಎಂದು ಕೇಳಲು ಬಾಯಿ ಬರುತ್ತಿಲ್ಲ. ಆದರೂ ಕೇಳಿದ್ದೇನೆಂದು ತಿಳಿ.

ದೊಡ್ಡಪ್ಪ


ಜೂನ್ 21

ಪ್ರೀತಿಯ ದೊಡ್ಡಪ್ಪನಿಗೆ,

ಮಂಡಿ ಪರವಾಗಿಲ್ಲ, ಶೀತ ಹೋಯಿತು, ಇವರು ಎಂದಿನಂತೆ. ದೊಡ್ಡಮ್ಮನಿಗೆ ಹೇಳಿ, ನಮ್ಮ ಮನೆಯಲ್ಲಿ ಕಾಗದ ಓದಲು ಬರುವವರು ಅವರೊಬ್ಬರೇ ಎಂದು.

ಕೋಪ ಮಾಡಿಕೊಂಡು ಬರೆಯಲಿಲ್ಲ ಎಂದುಕೊಂಡಿರೇನೋ. ಅಲ್ಲ. ಏನಾಗುತ್ತದೋ ಎಂದು ಕಾಯುತ್ತಿದ್ದೆ. ನಾನು ಮಾಡಿದ್ದು ನನಗೇ ಪೂರ್ತಿ ಹಿಡಿಸಿರಲಿಲ್ಲ, ಈಗಲೂ ಹಿಡಿಸಿಲ್ಲ. ಆದರೂ ಬರೆಯುತ್ತೇನೆ.

ಅವತ್ತು ಹೋದಾಗ ಅವರು ಹುಲ್ಲಿನ ಸುರುಳಿ ಬಿಚ್ಚಿಸುತ್ತಿದ್ದರು. ನಾನು ಲ್ಯಾಬಿನವಳು ಎಂದಷ್ಟೇ ಹೇಳಿ, ಎರಡನೆಯ ಉಂಗುರದ ಮಾತು ಎತ್ತಿದ್ದರೆ, ಕೇಳುತ್ತಿದ್ದರೇನೋ. ದಾರಿಯುದ್ದಕ್ಕೂ ಹಾಗೇ ಹೇಳಬೇಕೆಂದು ಅಂದುಕೊಂಡು ಹೋದೆ. ಗೇಟು ದಾಟಿ ಅವರ ಅಂಗಿಯ ಗೆರೆ ಕಂಡ ಮೇಲೆ, ಬಾಯಿಂದ ಬೇರೆಯೇ ಬಂತು.

“ಸಾರ್, ಇದು ನೆಲ ಅಲ್ಲ, ಮುಚ್ಚಳ. ಸಿಹಿನೀರು ಹಾಕ್ಬೇಡಿ, ಕರಗತ್ತೆ, ಮನೆ ಕೂರತ್ತೆ. ನಿಮಗೆ ಇದನ್ನ ಮೊದಲು ಹೇಳಿದ್ದು ನಮ್ಮಪ್ಪ. ಟ್ಯಾಂಕ್ ಹತ್ರ.”

ಅವರು ಹುಲ್ಲು ಬಿಟ್ಟು ನನ್ನ ಕಡೆ ತಿರುಗಿದರು. “ಓ. ಆ ಡ್ರಿಲ್ಲರ್ ಮಗಳಾ ನೀನು?”

“ಹೌದು.”

“ಆ ನೆಲದಲ್ಲಿ ಏನೂ ದೋಷ ಇರ್ಲಿಲ್ಲ. ನಿಮ್ಮಪ್ಪ ಕೊರೆದಿದ್ದು ಬೇರೆ ಕಡೆ. ಈ ನೆಲದಲ್ಲೂ ದೋಷ ಇಲ್ಲ, ನೀನೇ ಬರೆದುಕೊಟ್ಟಿದೀಯ.”

“ಬರೆದಿದ್ದು ಮನೆ ಭಾರಕ್ಕೆ ಸಾರ್. ತೋಟಕ್ಕಲ್ಲ. ಕುಡಿಯೋ ನೀರು ಬಿಟ್ಟೂ ನೋಡಿದೀನಿ, ಕುಸೀತು. ಬನ್ನಿ, ನಿಮ್ಮ ಎದುರಿಗೇ ಮಾಡಿ ತೋರಿಸ್ತೀನಿ.”

“ಉಂಗುರಕ್ಕೆ ಮಣ್ಣು ತುಂಬೋಳು ಮಣ್ಣು ತುಂಬಮ್ಮಾ” ಎಂದು, ಕೆಲಸದವನ ಕೈಯಿಂದ ಪೈಪ್ ಕಿತ್ತುಕೊಂಡು ನನ್ನ ಎದುರಿಗೇ ನೀರು ಬಿಟ್ಟರು.

ಇದನ್ನೇ ನಿಮಗೆ ಹೇಳಬೇಕಿತ್ತು ದೊಡ್ಡಪ್ಪ. ನಾನು ನಿಜ ಹೇಳಿದೆ, ಒಂದಕ್ಷರ ಬಿಡದೆ ಹೇಳಿದೆ. ಆದರೆ ಅಪ್ಪನನ್ನು ಮುಂದಿಟ್ಟುಕೊಂಡು ಹೇಳಿದೆ. ಹಾಗೆ ಹೇಳಿದರೆ ಅವರು ಕೇಳಲಾರರು ಎಂದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಊರೂರಲ್ಲಿ ಹೇಳಿದ ಸುಳ್ಳನ್ನು ಈಗ ಅವರೇ ನಂಬಿದ್ದಾರೆ. ನನ್ನ ಮಾತು ಕೇಳಿ ಪೈಪ್ ನಿಲ್ಲಿಸಿದರೆ, ಅಪ್ಪ ಹೇಳಿದ್ದು ನಿಜವೆಂದು ಒಪ್ಪಿದಂತೆ. ಅದಕ್ಕಿಂತ ಮನೆ ಕರಗಿದರೂ ಸರಿ ಎನ್ನುವವರು. ನೀವು ಬಾಯಿ ಮುಚ್ಚಿಕೊಂಡಿರು ಎಂದಿರಿ. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ‘ಗೊತ್ತಿರಲಿಲ್ಲ’ ಎನ್ನುತ್ತಿದ್ದರು. ಆ ಒಂದು ಮಾತನ್ನು ಅವರಿಗೆ ಉಳಿಸಬಾರದಿತ್ತು.

ದಿನಕ್ಕೆ ಎರಡು ಸಲ ನೀರು ಬಿಟ್ಟರು. ನಾನು ಸೈಟಿಗೆ ಹೋಗುವಾಗ ಕಂಡರೆ ಪೈಪನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಹುಲ್ಲು ಸೊಗಸಾಗಿ ಬಂತು. ಮೇ ತಿಂಗಳಲ್ಲಿ ಕಿಟಕಿಯ ಮೂಲೆಯಿಂದ ಕೂದಲೆಳೆಯಷ್ಟು ಬಿರುಕು. ಆಮೇಲೆ ಮುಂಬಾಗಿಲು ಹಿಡಿಯಿತು, ಬಡಗಿ ಬಂದು ಹೊಸ್ತಿಲು ಹೆರೆದ. ಮತ್ತೆ ಹಿಡಿಯಿತು. ಅವರ ಹೆಂಡತಿ ಒಂದು ದಿನ ಪೆಟ್ಟಿಗೆ ಹಿಡಿದು ಅಕ್ಕನ ಮನೆಗೆ ಹೋದರು. ಹೋಗುವಾಗ ಲ್ಯಾಬಿಗೆ ಬಂದು, “ನೀನು ಹೇಳಿದ್ದು ನಾನು ಒಳಗಿಂದ ಕೇಳಿಸ್ಕೊಂಡೆ. ಇವ್ರಿಗೂ ಹೇಳ್ದೆ” ಎಂದಷ್ಟೇ ಹೇಳಿದರು. ಅವರ ಮುಖ ನೋಡುವುದು ಕಷ್ಟವಾಯಿತು.

ಈಗ ಮನೆ ಹುಲ್ಲಿನ ಕಡೆಗೆ ತಲೆಬಾಗಿ ನಿಂತಿದೆ. ನಿವೇಶನ ಕೊಂಡವರೆಲ್ಲ ಕಳೆದ ವಾರ ಅಂಗಳದಲ್ಲಿ ಸೇರಿ ಗದ್ದಲ ಮಾಡಿದರು. ಬಡಾವಣೆಯ ಮ್ಯಾನೇಜರ್ ನನ್ನನ್ನು ಕರೆಸಿದ. ಎರಡು ಗಾಜಿನ ಬಟ್ಟಲು, ಮೊದಲೇ ಪರೀಕ್ಷೆಗೆ ಬಂದಿದ್ದ ಅದೇ ಅಂಗಳದ ಒಣಮಣ್ಣಿನ ಎರಡು ಹೆಂಟೆ, ಎರಡು ಕ್ಯಾನ್ ತೆಗೆದುಕೊಂಡು ಹೋದೆ. ಕ್ಯಾನ್‌ಗಳನ್ನು ಇಸ್ತ್ರಿಯ ಕೈಗೇ ಕೊಟ್ಟೆ. “ನೀವೇ ಹಾಕಿ ಸಾರ್.”

ಎಲ್ಲರೂ ನೋಡುತ್ತಿದ್ದರು, ಹಾಕದೆ ವಿಧಿಯಿರಲಿಲ್ಲ. ಉಪ್ಪುನೀರಿನ ಹೆಂಟೆ ಹಾಗೇ ಕೂತಿತ್ತು. ಇನ್ನೊಂದು ಅವರ ಕೈ ಕೆಳಗೇ ಕೆಸರಾಯಿತು. ಒಬ್ಬ ಹೆಂಗಸು, “ದೊಡ್ಡ ಎಂಜಿನಿಯರು ನೀವು, ಇದು ಗೊತ್ತಿರ್ಲಿಲ್ವಾ?” ಎಂದಳು.

ಅವರು ನನ್ನನ್ನು ನೋಡಿದರು. ಗೊತ್ತಿರಲಿಲ್ಲ ಎನ್ನೋಣವೆಂದರೆ ನಾನು ಎದುರಿಗೇ ಇದ್ದೆ.

“ಇವಳು ಹೇಳಿದ್ಲು” ಎಂದರು.

“ಅದಕ್ಕೂ ಮೊದಲು ಯಾರು ಹೇಳಿದ್ರು ಸಾರ್?” ಎಂದು ಕೇಳಿದೆ.

ಅವರು ಕ್ಯಾನ್‌ಗಳನ್ನು ಕೆಳಗಿಟ್ಟರು. ಅಂಗಿಯ ತೋಳಿನ ಮೇಲೆ ಕೆಸರು ಸಿಡಿದಿತ್ತು. “ಇವಳ ಅಪ್ಪ. ಟ್ಯಾಂಕ್ ಕಟ್ಟುವಾಗ. ಅವನು ಸರಿಯಾದ ಜಾಗದಲ್ಲೇ ಕೊರೆದಿದ್ದ. ಸುಳ್ಳು ಹೇಳಿದ್ದು ನಾನು.”

ಅಲ್ಲಿದ್ದವರಿಗೆ ಅದು ಯಾವ ಟ್ಯಾಂಕ್, ಯಾವ ಅಪ್ಪ ಎಂದು ತಿಳಿಯಲಿಲ್ಲ. ನನಗೆ ತಿಳಿಯಿತು, ಸಾಕಾಯಿತು. ಉಳಿದ ನಿವೇಶನಗಳಿಗೆ ಕಲ್ಲಿನ ಹಾಸು ಹಾಕಿ ಮನೆ ಎತ್ತರಿಸಬೇಕು, ತೋಟ ಕೂಡದು ಎಂದು ಎಲ್ಲರೆದುರೇ ಹೇಳಿದೆ.

ಎಲ್ಲರೂ ಹೋದ ಮೇಲೆ ಅವರು ಕೇಳಿದರು, “ಈ ಮನೆ ಉಳಿಸೋದಕ್ಕೆ ಏನು ಮಾಡ್ಬೇಕಮ್ಮಾ?” ಎಂಜಿನಿಯರಾದ ಅವರಿಗೇ ಅದು ಗೊತ್ತಿರಬೇಕು. ಆದರೆ ತಮ್ಮ ಮಾತಿನ ಮೇಲೆ ಈಗ ಅವರಿಗೇ ನಂಬಿಕೆ ಇಲ್ಲ.

ಏನು ಮಾಡಬೇಕೆಂದು ನನಗೆ ಗೊತ್ತು. “ನಮ್ಮ ದೊಡ್ಡಪ್ಪನ್ನ ಕೇಳಿ ಹೇಳ್ತೀನಿ” ಎಂದು ಬಂದೆ. ಅವತ್ತಿನಿಂದ ದಿನಾ ಲ್ಯಾಬಿನ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ನಿಮ್ಮ ಉತ್ತರ ಬಂತೇ ಎಂದು ಕೇಳುತ್ತಾರೆ.

ನಿಮ್ಮ ಮಗಳು


ಜೂನ್ 29

ನನ್ನ ಮುದ್ದಿನ ಮಗಳೇ,

ನಿನ್ನ ಅಮ್ಮ, ಗುಬ್ಬಚ್ಚಿ, ಮೌನಿ, ಮೇಲಿನ ಮನೆಯವರು, ಎಲ್ಲರೂ ಹೇಗಿದ್ದಾರೆ? ನಿನ್ನ ಕಾಗದವನ್ನು ದೊಡ್ಡಮ್ಮ ಗಟ್ಟಿಯಾಗಿ ಓದಿದಳು, ನಾನು ಕೇಳಿದೆ. ‘ಸುಳ್ಳು ಹೇಳಿದ್ದು ನಾನು’ ಎಂಬಲ್ಲಿಗೆ ಬಂದಾಗ, ಇನ್ನೊಮ್ಮೆ ಓದು ಎಂದೆ. ಓದಿದಳು. ಇನ್ನೊಮ್ಮೆ ಎಂದೆ. “ನಿಮಗೇನು ಕಿವುಡಾ?” ಎಂದು ಬೈದು, ಇನ್ನೊಮ್ಮೆ ಓದಿದಳು.

ನಾನು ಬರೀ ಹುಲ್ಲು ಕಳಿಸಿದೆ. ನೀನು ನಿಜ ಹೇಳಿಯೇ ಅವನನ್ನು ಮುಗಿಸಿದೆ. ನನಗಿಂತ ಖಾರ ನೀನು. ಹೆಮ್ಮೆಯಾಗುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ. ಇದನ್ನು ಇಲ್ಲಿಗೇ ಸಾಕು ಮಾಡು. ಬೇರೆ ಯಾರ ಮೇಲೂ ಈ ವಿದ್ಯೆ ಬೇಡ.

ಇನ್ನು ಮನೆಯ ವಿಷಯ. ಅವನನ್ನು ಕಾಯಿಸಬೇಡ, ನಾಳೆಯೇ ಹೇಳು. ನೀರು ಪೂರ್ತಿ ನಿಲ್ಲಬೇಕು. ನಲ್ಲಿ, ಕಾರಂಜಿ, ಕೈ ತೊಳೆದ ನೀರು ಕೂಡ ಅಂಗಳಕ್ಕೆ ಬೀಳಬಾರದು. ಹುಲ್ಲನ್ನು ಬೇರು ಸಮೇತ ಕೀಳಬೇಕು. ಕೂಲಿಯವರಲ್ಲ, ಅವನೇ ಕೀಳಬೇಕು, ಅದೇ ಇಸ್ತ್ರಿ ಅಂಗಿಯಲ್ಲಿ. ಯಾಕೆ ಎಂದು ಕೇಳಿದರೆ, ಕಳಿಸಿದ ಅಭಿಮಾನಿಯ ಷರತ್ತು ಎನ್ನು.

ಆಮೇಲೆ ಬಿಸಿಲು ತನ್ನ ಕೆಲಸ ಮಾಡುತ್ತದೆ. ಕೆಳಗಿನ ಉಪ್ಪುನೀರು ಮೇಲಕ್ಕೆ ಹತ್ತುತ್ತದೆ, ಆರುತ್ತದೆ, ಉಪ್ಪು ಮತ್ತೆ ಕಣಕಣವನ್ನೂ ಕಚ್ಚಿ ಹಿಡಿಯುತ್ತದೆ. ನೆಲ ಮೊದಲಿನಷ್ಟೇ ಗಟ್ಟಿಯಾಗುತ್ತದೆ. ಆದರೆ ಈಗ ಹೇಗಿದೆಯೋ ಹಾಗೇ ಗಟ್ಟಿಯಾಗುತ್ತದೆ. ಮನೆ ಬೀಳುವುದಿಲ್ಲ, ಸೊಟ್ಟಗೆ ನಿಲ್ಲುತ್ತದೆ. ಅವನು ನೆಲದ ಮೇಲಿಟ್ಟ ಚೆಂಡು ಪ್ರತಿಸಲವೂ ಮುಂಬಾಗಿಲಿಗೇ ಉರುಳುತ್ತದೆ. ಮಲಗಿದರೆ ತಲೆ ಎತ್ತರವಾಗುತ್ತದೆ, ಇಲ್ಲ ಕಾಲು. ಅವನು ಬದುಕಿರುವವರೆಗೂ ಆ ಮನೆ ನಿನ್ನ ಅಪ್ಪನ ಮಾತನ್ನು ಹೇಳುತ್ತಲೇ ಇರಲಿ.

ಜಾಕ್ ಹಚ್ಚಿ, ಅಡಿಪಾಯ ಎತ್ತಿ ನೇರ ಮಾಡುವ ವಿದ್ಯೆಯೂ ಇದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಅವನು ಕೇಳಿದರೆ ಸುಳ್ಳು ಹೇಳಬೇಡ. ಕೇಳದಿದ್ದರೆ, ಮೊದಲು ನಾನು ಹೇಳಿದಂತೆ, ಕೇಳಿದ್ದಕ್ಕಷ್ಟೇ ಉತ್ತರ.

ಅವನ ಹೆಂಡತಿ ವಾಪಸು ಬಂದು ಕೇಳಿದರೆ ಮಾತ್ರ ಎಲ್ಲವನ್ನೂ ಹೇಳಿಬಿಡು. ಆ ತಾಯಿ ಮೇಲೆ ನಮಗೇನೂ ಇಲ್ಲ.

ಅವನು ಕಿತ್ತ ಹುಲ್ಲಿನಲ್ಲಿ ಒಂದು ಹಿಡಿ, ಬೇರಿಗೆ ಮಣ್ಣು ಅಂಟಿದ್ದು, ಬಾಡಿದರೂ ಪರವಾಗಿಲ್ಲ, ಕಾಗದದೊಳಗಿಟ್ಟು ಕಳಿಸು. ನಿನ್ನ ಅಪ್ಪ ಕೂರುತ್ತಿದ್ದ ಕುರ್ಚಿ ಇನ್ನೂ ಕಿಟಕಿಯ ಪಕ್ಕದಲ್ಲೇ ಇದೆ. ಅದರ ಮೇಲಿಡುತ್ತೇನೆ.

ಎಷ್ಟು ಹೊತ್ತು ಬಗ್ಗಿ ಕಿತ್ತ, ಅಂಗಿಯ ಗೆರೆ ಮುರಿಯಿತೇ, ಎಲ್ಲವನ್ನೂ ಬಿಡದೆ ಬರೆ. ಈ ಸಲ ಎರಡು ತಿಂಗಳು ಮಾಡಬೇಡ, ಮಗಳೇ. ಬೇಗ ಬರೆ.

ನಿನ್ನ ದೊಡ್ಡಪ್ಪ